ಜೀಪಿನ ನಂದಾದೀಪ

ಹೊಳೆಯ ದಂಡೆಯಲ್ಲಿ ಒಂದು ಮಠ. ಮಠಕ್ಕೊಂದು ಹಳೆಯ ಜೀಪು. ಆಸ್ಪತ್ರೆ ಇರುವ ಊರು ಹದಿನಾಲ್ಕು ಮೈಲಿ ದೂರ. ಸುತ್ತಲಿನ ಮೂರು ಹಳ್ಳಿಗಳಲ್ಲಿ ಯಾರಿಗೆ ಏನಾದರೂ ಆ ಜೀಪೇ ಗತಿ.

ಅದನ್ನು ಓಡಿಸುವವನು ಸಂಗನಬಸು. ಮಠದ ಸ್ವಾಮಿಗಳಾದ ಅಜ್ಜಾರಿಗೆ ಶಿಷ್ಯನಾಗಿ ಒಂಬತ್ತು ವರ್ಷವಾಗಿತ್ತು. ಪೂಜೆ ಕಲಿತಿದ್ದ, ಗೇರು ಹಾಕುವುದನ್ನೂ ಕಲಿತಿದ್ದ. ಅಂಜುವುದನ್ನು ಮಾತ್ರ ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಹೋದ ಶ್ರಾವಣದಲ್ಲಿ ಜ್ವರ ಬಂದ ಕೂಸೊಂದನ್ನು ಕರೆದೊಯ್ಯುವಾಗ ಹಳ್ಳದ ನಟ್ಟನಡುವೆ ಜೀಪು ನಿಂತುಬಿಟ್ಟಿತ್ತು. ನೀರು ಬಾಗಿಲ ತನಕ ಏರಿತ್ತು. ಕೂಸು ಉಳಿಯಿತು, ಜೀಪೂ ಉಳಿಯಿತು. ಬಾಗಿಲಿಗೆ ಬಡಿದ ನೀರಿನ ಸಪ್ಪಳ ಸಂಗನಬಸುವಿನ ಕಿವಿಯಲ್ಲೇ ಉಳಿಯಿತು.

ಅವತ್ತೇ ಹರಕೆ ಹೊತ್ತ. ಜೀಪಿನ ಗಾಜಿನ ಕೆಳಗೆ ದೊಡ್ಡಜ್ಜಾರ ಫೋಟೋ ಇತ್ತು. ದೊಡ್ಡಜ್ಜಾರೆಂದರೆ ಅಜ್ಜಾರ ಗುರುಗಳು, ಮಠ ಕಟ್ಟಿದವರು. ಫೋಟೋದ ಮುಂದೆ ಕೆಂಪು ಬಲ್ಬೊಂದನ್ನು ಕೂಡಿಸಿ, ಎಂದೂ ಆರಬಾರದೆಂದು ಅದರ ವೈರನ್ನು ಕೇಬಲ್ಲಿನ ಜೊತೆ ನೇರ ಬ್ಯಾಟರಿಗೇ ಕಟ್ಟಿದ. ಕೀಲಿ ತೆಗೆದರೂ ದೀಪ ಉರಿಯುತ್ತಿತ್ತು.

ಆಮೇಲೆ ಶುರುವಾಯಿತು ಕಾಟ. ಜೀಪು ಎರಡು ದಿನ ನಿಂತರೆ ಸಾಕು, ಮೂರನೆಯ ದಿನ ಕೀಲಿ ತಿರುವಿದರೆ ಟಕ್ ಅಂದು ಸುಮ್ಮನಾಗುತ್ತಿತ್ತು. ನೂಕೋಣವೆಂದರೆ ರಸ್ತೆಯ ಕಡೆಗೆ ಏರು, ಇಳಿಜಾರು ಇದ್ದದ್ದು ಹೊಳೆಯ ಕಡೆಗೆ.

ಬ್ಯಾಟರಿ ಹೊಸದು ತಂದ. ಡೈನಮೋ ಬಿಚ್ಚಿಸಿದ. ಹಾರ್ನಿನ ವೈರು ಬದಲಿಸಿದ. ಮತ್ತೆ ಟಕ್.

ಎಂಜಿನ್ ಸತ್ತ ದಿನವೂ ಕೆಂಪು ದೀಪ ಮಿಣಿಮಿಣಿ ಉರಿಯುತ್ತಿತ್ತು. ಸಂಗನಬಸು ಅದಕ್ಕೆ ಕೈಮುಗಿಯುತ್ತಿದ್ದ. ಜೀಪು ಕೈಬಿಟ್ಟರೂ ದೊಡ್ಡಜ್ಜಾರು ಕೈಬಿಟ್ಟಿಲ್ಲ ಅಂದುಕೊಳ್ಳುತ್ತಿದ್ದ.

ಪೇಟೆಯ ಗ್ಯಾರೇಜಿನ ಮಿಸ್ತ್ರಿ ಒಂದು ಉಪಾಯ ಹೇಳಿದ.

"ಎಲ್ಲೋ ಕಳ್ಳ ಕರೆಂಟ್ ಹೊಂಟೈತಿ. ಬ್ಯಾಟರಿ ಕೇಬಲ್ ಬಿಚ್ಚು. ಬ್ಯಾಟರಿಗೂ ಕೇಬಲ್ಲಿಗೂ ನಡುವ ಒಂದು ಬಲ್ಬ್ ಹಿಡಿ. ಎಲ್ಲಾ ಬಂದ್ ಇದ್ರೂ ಬಲ್ಬ್ ಉರೀತಂದ್ರ ಯಾವನೋ ತಿನ್ನಾಕತ್ತಾನಂತ ತಿಳ್ಕೊ. ಒಂದೊಂದ ಫ್ಯೂಸ್ ಕೀಳ್ಕೋಂತ ಹೋಗು. ಯಾವಾಗ ಬಲ್ಬ್ ಆರತೈತೋ ಆವಾಗ ಕಳ್ಳ ಸಿಕ್ಕ."

ಸಂಗನಬಸು ತಲೆಯಾಡಿಸಿ ಬಂದ. ಬಂದವನು ಕೇಬಲ್ಲಿಗೆ ಕೈ ಹಚ್ಚಲಿಲ್ಲ.

ಅಷ್ಟರಲ್ಲಿ ಹರಿಗೋಲು ನಡೆಸುವ ಯಮನೂರಪ್ಪನ ಸೊಸೆ ಫಕೀರವ್ವನಿಗೆ ದಿನ ತುಂಬಿತು. ಮೊದಲನೆಯ ಕೂಸು ಹೆರಿಗೆಯಲ್ಲಿ ಮನೆಯಲ್ಲೇ ತೀರಿಹೋಗಿತ್ತು. ಈ ಸಲ ಹೆರಿಗೆ ಬ್ಯಾನಿ ಶುರುವಾದ ಕೂಡಲೇ ಕರೆತರಬೇಕು, ತಡವಾದರೆ ತಾಯಿಯೂ ಉಳಿಯುವುದಿಲ್ಲ ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿಬಿಟ್ಟಿದ್ದಳು.

ಯಮನೂರಪ್ಪ ದಿನಾ ಬಂದು ಜೀಪನ್ನು ನೋಡುತ್ತಿದ್ದ.

"ಚಾಲೂ ಆಗತೈತಲ್ರೀ?"

"ಆಗತೈತಿ" ಎನ್ನುತ್ತಿದ್ದ ಸಂಗನಬಸು.  ಆಗುತ್ತದೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ಕೀಲಿ ತಿರುವಿ ನೋಡತೊಡಗಿದ.

ಒಂದು ಮಧ್ಯಾಹ್ನ ಅಜ್ಜಾರು ಉಡಿಯಲ್ಲಿ ಸೇಂಗಾ ಹಾಕಿಕೊಂಡು ಅಲ್ಲಿಗೆ ಬಂದರು.

"ಮಲಗಿದವನ್ನ ಹತ್ತ ಸಲ ಎಬ್ಬಿಸಿ, ನಿದ್ದಿ ಬಂತೇನು ಅಂತ ಕೇಳಾಕತ್ತೀಯಲ್ಲೋ ತಮ್ಮಾ. ಮಿಸ್ತ್ರಿ ಏನಂದ?"

"ಕೇಬಲ್ ಬಿಚ್ಚಿ ನೋಡು ಅಂದಾನ್ರಿ."

"ಬಿಚ್ಚಿದೇನು?"

"ಫ್ಯೂಸ್ ಎಲ್ಲಾ ತಗದು ಒರಸಿ ಹಾಕೀನ್ರಿ, ಅಜ್ಜಾರ."

"ನಾ ಕೇಬಲ್ ಕೇಳಿದೆ."

ಸಂಗನಬಸು ಫೋಟೋದ ಕಡೆ ಕೈ ಮಾಡಿದ. "ಕೇಬಲ್ ಬಿಚ್ಚಿದ್ರ ದೊಡ್ಡಜ್ಜಾರ ದೀಪಾ ಆರತೈತ್ರಿ."

"ಮತ್ತ ಹೊಸಾ ಬ್ಯಾಟರಿ ಹೆಂಗ ಕೂಡಿಸಿದಿ?"

"ದೀಪದ ವೈರ್ ಅಷ್ಟ ಕೇಳಿ ತಂದ ಟ್ರ್ಯಾಕ್ಟರ್ ಬ್ಯಾಟರಿಗೆ ಹಚ್ಚಿಟ್ಟು ಕೂಡಿಸೀನ್ರಿ. ಒಂದ ಗಳಿಗೀನೂ ಆರಿಸಿಲ್ರಿ."

ಅಜ್ಜಾರಿಗೆ ನಗು ಬಂತು. ಶಿಷ್ಯನ ಮುಖ ನೋಡಿ ನುಂಗಿಕೊಂಡರು.

"ಪಾನಾ ಕೊಡು ಇಲ್ಲೆ. ನಾನ ಬಿಚ್ಚತೀನಿ."

ಸಂಗನಬಸು ಅವರ ಕೈ ಹಿಡಿದುಕೊಂಡ. ಒಂಬತ್ತು ವರ್ಷದಲ್ಲಿ ಕಾಲು ಮುಟ್ಟಿದ್ದನೇ ಹೊರತು ಹೀಗೆ ಕೈ ಹಿಡಿದಿರಲಿಲ್ಲ. 

"ಬ್ಯಾಡ್ರಿ ಅಜ್ಜಾರ. ಹಳ್ಳದಾಗ ಮಾತು ಕೊಟ್ಟೀನ್ರಿ. ದೀಪಾ ಆರಿ ಫಕೀರವ್ವಗ ಏನರ ಆದ್ರ ಯಾರ ಜವಾಬ್ದಾರಿ?"

"ನಂದು" ಎಂದರು ಅಜ್ಜಾರು.

ಅಜ್ಜಾರು ಪಾನಾ ಹಚ್ಚಿದರು. ನಟ್ಟು ಎರಡು ಸುತ್ತು ತಿರುಗಿತು. ಕೇಬಲ್ ಎದ್ದು ಬಂತು. ಕೆಂಪು ದೀಪ ಆರಿತು.

 ಯಮನೂರಪ್ಪನ ಗುಡಿಸಲ ಕಡೆ ನಾಯಿ ಬೊಗಳಿತು. ಸಂಗನಬಸು ಯಾರಾದರೂ ಅಳುತ್ತಿದ್ದಾರೇನೋ ಎಂದು ಕಿವಿಗೊಟ್ಟ. ಹೊಳೆಯ ಸಪ್ಪಳ ಬಿಟ್ಟರೆ ಬೇರೆ ಏನೂ ಕೇಳಿಸಲಿಲ್ಲ, ಅದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಭಯ ತಂದಿತು.

ಅಜ್ಜಾರು ಬಂಪರಿನ ಮೇಲೆ ಕೂತು ಸೇಂಗಾ ಸುಲಿಯುತ್ತಿದ್ದರು.

"ಏನರ ಆತೇನು?"

"ಇಲ್ರಿ."

"ಹೊಳಿ ಏರಿತೇನು?"

"ಇಲ್ರಿ."

"ಇನ್ನೂ ಹತ್ತು ಸೇಂಗಾ ಅದಾವು. ಕಾಯೂಣು."

ಹತ್ತು ಸೇಂಗಾ ಮುಗಿದವು. ಐದು ಶಿಷ್ಯನಿಗೂ ಸಿಕ್ಕವು. ಅವನು ಅಗಿದ, ರುಚಿ ಹತ್ತಲಿಲ್ಲ.

"ಈಗ ಮಿಸ್ತ್ರಿ ಹೇಳಿದ ಬಲ್ಬ್ ಹಿಡಿ."

ಹಿಡಿದ. ಬಲ್ಬ್ ಮಂದವಾಗಿ ಹೊತ್ತಿತು. ಕೀಲಿ ಅವನ ಕಿಸೆಯಲ್ಲಿತ್ತು, ಎಲ್ಲ ಸ್ವಿಚ್ಚೂ ಬಂದ್ ಇದ್ದವು. ಆದರೂ ಯಾವುದೋ ಒಂದು ಕರೆಂಟ್ ತಿನ್ನುತ್ತಿತ್ತು.

ಅಜ್ಜಾರು ಒಂದು ಫ್ಯೂಸ್ ಕಿತ್ತರು, ಹಾರ್ನಿನದು. ಬಲ್ಬ್ ಉರಿಯುತ್ತಲೇ ಇತ್ತು. ಹೆಡ್‌ಲೈಟಿನದು ಕಿತ್ತರು. ಉರಿಯುತ್ತಲೇ ಇತ್ತು. ಆರು ಫ್ಯೂಸುಗಳೂ ಅವರ ಉಡಿ ಸೇರಿದವು. ಬಲ್ಬ್ ಹಾಗೇ ಇತ್ತು.

"ಇನ್ನ ಯಾವುದು ಉಳೀತು?"

ಸಂಗನಬಸುವಿಗೆ ಗೊತ್ತಾಗಿತ್ತು.  ಫ್ಯೂಸು ದಾಟದೆ ನೇರ ಬ್ಯಾಟರಿಗೆ ಬಂದಿದ್ದ ವೈರು ಒಂದೇ ಒಂದು. ಅವನೇ ಕಟ್ಟಿದ್ದು.

"ಸಣ್ಣ ಬಲ್ಬ್ ಐತ್ರಿ, ಅಜ್ಜಾರ."

"ಹಗಲೂ ರಾತ್ರಿ ಒಂದ ಸವನ ತಿಂತೈತಲ್ಲ."

ಸಂಗನಬಸು ಫೋಟೋಕ್ಕೆ ಕೈಮುಗಿದ. ಆಮೇಲೆ ತಾನೇ ಕೈ ಚಾಚಿ ವೈರನ್ನು ಬಿಚ್ಚಿದ.

ಮಿಸ್ತ್ರಿಯ ಬಲ್ಬ್ ಆರಿತು.

ಅವನು ಅಲ್ಲೇ ಕುಸಿದು ಕೂತು ಅತ್ತ. "ಕಾಯಲಿ ಅಂತ ಹಚ್ಚಿದ್ದು, ಕೊಲ್ಲಾಕತ್ತಿತ್ತಲ್ರೀ!"

ಅಜ್ಜಾರು ಉಡಿಯಲ್ಲಿದ್ದ ಫ್ಯೂಸುಗಳನ್ನು ತಿರುಗಿ ಹಾಕಿಸಿದರು, ಕೇಬಲ್ ಬಿಗಿಸಿದರು. ಬ್ಯಾಟರಿಯನ್ನು ಪೇಟೆಗೆ ಕಳಿಸಿ ಚಾರ್ಜ್ ಮಾಡಿಸಿ ಕೂಡಿಸಿದರು. ಎಲ್ಲ ಆದ ಮೇಲೆ ಕೈ ಚಾಚಿದರು.

"ಕೀಲಿ ಕೊಡು. ಯಾರರ ಬರೂ ತನಕ ನನ್ನ ಕಡೆ ಇರಲಿ."

"ನಡುವ ಒಮ್ಮೆ ಚಾಲೂ ಮಾಡಿ ನೋಡತೀನ್ರಿ."

"ಬ್ಯಾಡ."

ಸಂಗನಬಸುವಿಗೆ ಅಂಥ ಎರಡು ದಿನ ಹಿಂದೆಂದೂ ಬಂದಿರಲಿಲ್ಲ. ದೀಪವಿಲ್ಲ, ಕೀಲಿಯೂ ಇಲ್ಲ. ಜೀಪಿನ ಸುತ್ತ ತಿರುಗಿದ. ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದ. ತಗಡು ತಣ್ಣಗಿತ್ತು. ಯಮನೂರಪ್ಪ ಬಂದು ಕೇಳಿದಾಗ ಅಜ್ಜಾರ ಕಡೆ ಕೈ ತೋರಿಸಿದ.

ಮೂರನೆಯ ದಿನ ಬೆಳಿಗ್ಗೆ ಯಮನೂರಪ್ಪ ತಲೆಗೆ ರುಮಾಲಿಲ್ಲದೆ ಓಡಿಬಂದ.

"ಬ್ಯಾನಿ ಶುರುವಾಗ್ಯಾವ್ರೀ! ಲಗೂ ಬರ್ರಿ!"

ಅಜ್ಜಾರು ಕೀಲಿ ಕೊಟ್ಟರು. ಸಂಗನಬಸು ಸೀಟಿನಲ್ಲಿ ಕೂತ. ಕೀಲಿ ಎರಡು ಸಲ ತೂತು ತಪ್ಪಿತು. ಫೋಟೋದ ಮುಂದಿನ ಕತ್ತಲೆಯನ್ನು ನೋಡಲಾಗದೆ ಕಣ್ಣು ಮುಚ್ಚಿ ತಿರುವಿದ.

ಜೀಪು ಒಂದೇ ಏಟಿಗೆ ಚಾಲೂ ಆಯಿತು.

ಸಂಜೆ ತಿರುಗಿ ಬಂದಾಗ ಅಜ್ಜಾರು ಅದೇ ಜಾಗದಲ್ಲಿ ನಿಂತಿದ್ದರು. ಸಂಗನಬಸು ಎಂಜಿನ್ ಬಂದ್ ಮಾಡಿದ. ಕೆಳಗಿಳಿಯಲಿಲ್ಲ.

"ಹೆಣ್ಣ ಕೂಸ್ರಿ. ತಾಯಿ, ಮಗಳು ಇಬ್ಬರೂ ಆರಾಮ ಅದಾರ."

"ಮತ್ತ ಇಳೀವಲ್ಲಿ ಯಾಕ?"

"ಹೋಗೂ ಮುಂದ ಹದಿನಾಲ್ಕು ಮೈಲಿ ಅಂಜಿಕಿ, ಬರೂ ಮುಂದ ಹದಿನಾಲ್ಕು ಮೈಲಿ ಅಂಜಿಕಿ. ಹಳ್ಳ ದಾಟೂ ಮುಂದಂತೂ ಜೀವಾನ ಹೋಗಿತ್ರಿ. ಕಳ್ಳ ಸಿಕ್ಕ ಮ್ಯಾಲೂ ಈ ಅಂಜಿಕಿ ಯಾಕ ಹೋಗವಲ್ದು, ಅಜ್ಜಾರ? ಇದನ್ನ ಏನ್ ಮಾಡ್ಲಿ?"

ಅಜ್ಜಾರು ಜೀಪಿನೊಳಗೆ ಬಗ್ಗಿ ನೋಡಿದರು.

"ಬಾಜೂ ಸೀಟ್ ಖಾಲಿ ಐತಲ್ಲೋ ತಮ್ಮಾ, ಅದನ್ನ ಅಲ್ಲೇ ಕೂಡಿಸ್ಕೊ. ಬ್ಯಾಟರಿಗೆ ಮಾತ್ರ ಕಟ್ಟಬ್ಯಾಡ."