ಹಿಟ್ಟಿನ ಶತ್ರು

ಮೈಯೆಲ್ಲ ಹಿಟ್ಟು, ಎದೆಗೆ ಚೂರಿ. ಸತ್ತರೂ ದೊರೆಗೆ ಗೆಲುವು, ಉಳಿದರೂ ದೊರೆಗೆ ಗೆಲುವು. ಯಾರು ಹೇಳಿ?

ತಲೆ ಕೆರೆದುಕೊಳ್ಳಬೇಡಿ. ಕಿಲಾಡಿ ಲೋಡ್ರೊಗೂ ಹೊಳೆದಿರಲಿಲ್ಲ.

ಟಿಬೆಟ್ಟಿನ ಒಂದು ಹೊಳೆದಂಡೆಯ ಮಠದಲ್ಲಿ ಅವನು ಶಿಷ್ಯ. ಅವನ ಗುರು ಸಾಮ್ತೆನ್ ಮಾಟ ಬಲ್ಲವರು ಅಂತ ನಾಡಿಗೆಲ್ಲ ನಂಬಿಕೆ.

ಒಂದು ದಿನ ಆ ನಾಡಿನ ದೊರೆ ಮಠದ ಮುಂದೆ ಕುದುರೆಯಿಂದ ಧುಮುಕಿದ.

"ಅಲೆಮಾರಿಗಳ ನಾಯಕ ರಬ್ದೆನ್ ಆಚೆ ದಡದಲ್ಲಿ ದಂಡು ಕಟ್ಟಿದ್ದಾನೆ. ಮಾಟ ಮಾಡಿ ಮುಗಿಸಿ. ಅವನು ಹೊಳೆ ದಾಟಿದರೆ ಈ ಮಠಕ್ಕೆ ನಾನೇ ಬೆಂಕಿ ಇಡ್ತೀನಿ."

"ಆಗಲಿ," ಅಂದರು ಗುರು. "ಅವನ ಗೊಂಬೆ ಮಾಡ್ತೇವೆ, ಹಿಟ್ಟಿನದು. ಇರಿಯೋದು ನೀವೇ."

ದೊರೆ ಅತ್ತ ಹೋದದ್ದೇ ಲೋಡ್ರೊ ತೋಳೇರಿಸಿದ. "ಗೆನ್‌ಲಾ, ಮೂಗು ಮೂಲಂಗಿಯಷ್ಟುದ್ದ ಇಡಲಾ?" ಗೆನ್‌ಲಾ ಅಂದರೆ ಅವರಲ್ಲಿ ಗುರುಗಳೇ ಅಂತ.

"ರಬ್ದೆನ್‌ನನ್ನ ನೋಡಿದ್ದೀಯಾ?"

"ಇಲ್ಲ."

"ನೋಡಿಕೊಂಡು ಬಾ. ಗುರುತಿಲ್ಲದವನಿಗೆ ಮಾಟ ತಾಗೋದಿಲ್ಲ."

ಲೋಡ್ರೊ ಉಪ್ಪು ಮಾರುವವನ ವೇಷ ಹಾಕಿ ಆಚೆ ದಡಕ್ಕೆ ಹೋದ. ಸಂಜೆ ಸಪ್ಪೆ ಮುಖ ಹೊತ್ತು ಬಂದ.

"ಉಪ್ಪು ತೆಗೆಯೋದೇ ಅವರ ಕಸುಬಂತೆ, ಗೆನ್‌ಲಾ! ಬಿದ್ದು ಬಿದ್ದು ನಕ್ಕರು. ಆಮೇಲೆ ನಂಗೇ ಚಹಾ ಕೊಟ್ಟರು, ಹಾಲಿಲ್ಲದ್ದು."

"ಯಾಕೆ ಹಾಲಿಲ್ಲ?"

"ಹುಲ್ಲಿಲ್ಲ. ಹುಲ್ಲುಗಾವಲು ಈಚೆ ದಡದಲ್ಲಿ, ದೊರೆ ಸೇತುವೆಗೆ ಕಾವಲು ಹಾಕಿಸಿದ್ದಾರೆ. ಚಮರಿಗಳು ಸಾಯ್ತಿವೆ. ರಬ್ದೆನ್‌ಗೆ ಪುಟ್ಟ ಮಗಳಿದ್ದಾಳೆ."

"ಕಂಡ ಹಾಗೇ ಮಾಡು."

ಈ ಸಲ ಲೋಡ್ರೊ ಮೂಲಂಗಿ ಮೂಗು ಇಡಲಿಲ್ಲ. ಕೆನ್ನೆ ಗುಳಿಬಿದ್ದ ಗೊಂಬೆ, ತೋಳಲ್ಲೊಂದು ಮಗು.

ಬೆಳಿಗ್ಗೆ ದೊರೆ ಚೂರಿ ಎತ್ತಿದ.

"ತಡೀರಿ," ಅಂದರು ಗುರು. "ಕೊನೆಯ ವಿಧಿಯೊಂದಿದೆ. ಗೊಂಬೆಯ ಮಾತನ್ನ ಇರಿಯುವವನೇ ಆಡಬೇಕು. ಲೋಡ್ರೊ, ಹೇಳಿಕೊಡು."

ಲೋಡ್ರೊ ಹೇಳಿಕೊಟ್ಟ.

"ನಾನು ರಬ್ದೆನ್!" ದೊರೆ ಗುಡುಗಿದ. "ನನ್ನ ಚಮರಿಗಳು ಸಾಯ್ತಿವೆ." ದನಿ ಇಳಿಯಿತು. "ನನ್ನ ಮಗಳು... ಹಾಲಿಗೆ ಅಳ್ತಾಳೆ."

ಎತ್ತಿದ ಕೈ ಅಲ್ಲೇ ನಿಂತಿತು. ಗುರುವನ್ನು ದುರುಗುಟ್ಟಿ ನೋಡಿದ. ಗೊಂಬೆಯ ತೋಳಿನ ಮಗುವನ್ನೂ ನೋಡಿದ.

"ಸೇತುವೆಯ ಕಾವಲು ತೆಗೀರಿ," ಅಂದ ತನ್ನವರಿಗೆ. "ಮೇಯಿಸಿಕೊಂಡು ಹೋಗಲಿ."

ಮಧ್ಯಾಹ್ನದ ಹೊತ್ತಿಗೆ ಸೇತುವೆ ಮೇಲೆ ಚಮರಿಗಳ ಗಂಟೆ ಸದ್ದು; ಆಚೆ ದಡದಲ್ಲಿ ದಂಡಿನ ಸುಳಿವಿಲ್ಲ.

ಲೋಡ್ರೊ ಗುರುವಿನ ಬೆನ್ನು ಬಿದ್ದ. "ಗೆನ್‌ಲಾ, ಆ ಕೊನೆಯ ವಿಧಿ ಯಾವ ಗ್ರಂಥದಲ್ಲಿದೆ? ನಾನು ಎಲ್ಲ ಹುಡುಕಿದೆ."

ಗುರು ಗೊಂಬೆಯ ಕಿವಿ ಮುರಿದು ಬಾಯಿಗೆ ಹಾಕಿಕೊಂಡರು.

"ಎಲ್ಲೂ ಇಲ್ಲ. ಆ ಕೊನೆಯ ವಿಧಿ ನಾನೇ ಕಟ್ಟಿದ್ದು. ನೀನು ಮಾತ್ರ ನಿನ್ನ ಶಿಷ್ಯರಿಗೆ, ಗ್ರಂಥದಲ್ಲಿದೆ ಅಂತಲೇ ಹೇಳು."