ಕಾಗೆ ಕೂಗದಿದ್ದರೂ ಬಂದ ನೆಂಟರು

ಕಾಗಮ್ಮನವರದು ಹಳೆಯ ಮನೆತನ. ತಿಥಿಯ ಎಡೆಯನ್ನು ಅವರ ಕುಲದವರು ಮುಟ್ಟುವ ತನಕ ಆ ಊರಿನಲ್ಲಿ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ. ಅಂಥವರ ಮೇಲೆ ಅಂಗಳದ ಹೇಂಟೆ ತನ್ನ ಮಕ್ಕಳ ಎದುರಿಗೇ ಅಪವಾದ ಹೊರಿಸಿತು.

"ನೀವು ಕೂಗಿದ ದಿನವೆಲ್ಲ ಈ ಮನೆಗೆ ನೆಂಟರು ಬರುತ್ತಾರೆ, ನಮ್ಮಲ್ಲೊಬ್ಬರು ಸಾರಿನ ಪಾತ್ರೆಗೆ ಹೋಗುತ್ತಾರೆ. ಒಂದು ಸಲವೂ ತಪ್ಪಿಲ್ಲ. ನಿಮ್ಮ ಗಂಟಲೇ ನಮಗೆ ಯಮ!"

"ಎರಡೂ ಒಟ್ಟಿಗೆ ಆಗುತ್ತವೆ, ನಿಜ," ಎಂದರು ಕಾಗಮ್ಮ. "ಆದರೆ ನೆಂಟರನ್ನು ಕರೆಯುವವಳು ಮನೆಯೊಡತಿ. ಅವರಿಗೆಂದು ಅವಳು ಮಸಾಲೆ ಹುರಿಯುತ್ತಾಳೆ. ಆ ಘಮಕ್ಕೆ ನಾನು ಬಂದು ಕೂಗುತ್ತೇನೆ."

"ಕಥೆ ಬೇಡ. ಒಂದು ದಿನ ಸುಮ್ಮನಿದ್ದು ತೋರಿಸಿ. ಒಬ್ಬ ನೆಂಟನೂ ಬರುವುದಿಲ್ಲ!"

ಮರುದಿನ ಅಡುಗೆಮನೆಯಿಂದ ಮಸಾಲೆಯ ಘಮ ಎದ್ದಿತು. ಕಾಗಮ್ಮ ಬೇಲಿಯಾಚೆಯ ತಮ್ಮ ಮರದಲ್ಲಿ ಕೊಕ್ಕು ಬಿಗಿದು ಕುಳಿತರು. ಅವರ ಮೌನವನ್ನೇ ನಂಬಿದ ಹೇಂಟೆ ಮಕ್ಕಳೊಂದಿಗೆ ನಿಶ್ಚಿಂತೆಯಿಂದ ಅಂಗಳ ಕೆದಕುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನೆಂಟರು ಚಪ್ಪಲಿ ಬಿಟ್ಟ ಸದ್ದಾಯಿತು. ಹಿತ್ತಿಲ ಕಡೆಯಿಂದ ಮನೆಯೊಡತಿ ಕೋಳಿ ಮುಚ್ಚುವ ಬುಟ್ಟಿ ಹಿಡಿದು ಬಂದಳು. ಹೇಂಟೆ ಮಕ್ಕಳನ್ನು ಅಟ್ಟಿಕೊಂಡು ಬೇಲಿ ನುಸುಳಿ, ಕಾಗಮ್ಮನವರ ಮರದಡಿ ಅವಿತು ಏದುಸಿರು ಬಿಟ್ಟಿತು.

ಕಾಗಮ್ಮ ರೆಕ್ಕೆ ಸರಿಪಡಿಸಿಕೊಂಡು ಕೆಳಗೆ ನೋಡಿದರು.

"ಮಕ್ಕಳ ಎದುರಿಗೆ ಅಂದ ಮಾತು. ಮಕ್ಕಳ ಎದುರಿಗೇ ಕ್ಷಮೆ ಕೇಳು."