ಹತ್ತನೇ ಕೊಂಬೆ

ಕೆರೆ ನಡುವಿನ ಒಣಮರಕ್ಕೆ ಹತ್ತು ಕೊಂಬೆ, ಕೊಂಬೆಗೊಬ್ಬರೇ. ಮೀನು ಹಿಡಿದು ಮೊದಲು ಬಂದವರಿಗೆ ಒಂಬತ್ತು, ನೀರುಕಾಗೆಗಳಿಗೆ ಮೀಸಲು ಒಂದು ಅಂತ ಕಟ್ಟಳೆ. ನೀರುಕಾಗೆಯ ರೆಕ್ಕೆ ನೀರು ಕುಡಿಯುತ್ತದೆ. ಕೂತು ಒಣಗಿಸದಿದ್ದರೆ ಮುಳುಗುತ್ತದೆ. ದಡ ದೂರ.

ಆವತ್ತು ಎಲ್ಲರಿಗಿಂತ ಮೊದಲು ಮೀನು ತಂದವನು ಒಬ್ಬ ನೀರುಕಾಗೆ. ಮೊದಲನೇ ಕೊಂಬೆಗೆ ಹೋದ.

“ಅದು ನಿಂದಲ್ಲ,” ಅಂದಿತು ಹಿಂದೆಯೇ ಗುಂಪಿನೊಂದಿಗೆ ಹಾರಿಬಂದ ಒಂದು ಬೆಳ್ಳಕ್ಕಿ. “ನಿಮಗೆ ಅಂತಲೇ ಒಂದು ಇದೆಯಲ್ಲ.”

“ಮೊದಲು ಬಂದವನು ನಾನು ಸ್ವಾಮಿ. ಮೀಸಲು ಕೊಂಬೆ ನನ್ನ ಹೆಂಡತಿಗಿರಲಿ. ಹಿಂದೆ ಬರ್ತಾ ಇದಾಳೆ, ರೆಕ್ಕೆ ನೆನೆದಿದೆ.”

“ಅಲ್ಲೂ ನೀವೇ, ಇಲ್ಲೂ ನೀವೇ ಅಂದ್ರೆ ನಾವೇನು ಗಾಳೀಲಿ ಕೂರೋಣ್ವಾ?”

ಉಳಿದ ಬೆಳ್ಳಕ್ಕಿಗಳು ನಕ್ಕವು. ಅವನು ಹತ್ತನೇ ಕೊಂಬೆಗೆ ಹೋಗಿ ಕೂತ. ಒಂಬತ್ತರಲ್ಲೂ ಬೆಳ್ಳಕ್ಕಿಗಳು ಕೂತವು.

ಹೆಂಡತಿ ಈಜಿ ಬಂದು ಮರ ಸುತ್ತಿದಳು. “ಎಲ್ಲಿ ಕೂರಲಿ?” ಅಂದಳು. ಯಾರೂ ಸರಿಯಲಿಲ್ಲ. “ಇಲ್ಲಿಗೆ ಬಾ” ಅಂತ ಗಂಡ ಕೊಂಬೆ ಬಿಟ್ಟು ಇಳಿಯುವಷ್ಟರಲ್ಲಿ ಅವಳು ಮುಳುಗಿದ್ದಳು. ನೀರೊಳಗೆ ಬಹಳ ಹೊತ್ತು ಹುಡುಕಿದ. ಸಿಗಲಿಲ್ಲ.

ಮೇಲೆದ್ದು ನೋಡಿದರೆ ಹತ್ತನೇ ಕೊಂಬೆಯಲ್ಲೂ ಒಂದು ಬೆಳ್ಳಕ್ಕಿ ಕೂತಿತ್ತು.

“ತಕ್ಕವರು ಯಾರೂ ಬರಲಿಲ್ಲ,” ಅಂದಿತು. “ಖಾಲಿ ಯಾಕೆ ಬಿಡೋದು ಅಂತ ಕೂತೆ.”